ತಮ್ಮ ಅಗ್ಗದ ಪಿಸ್ತೂಲು ಕೆಡದೇ ಇರುವ ಬಗ್ಗೆ ದೂರು

ಸಮುದ್ರದಾಚೆ ಕುಳಿತು ನಮ್ಮ ನೈಂಟೀನ್-ಇಲೆವೆನ್ ಪಿಸ್ತೂಲನ್ನು ನಕಲು ಮಾಡಿ ಮಾರುತ್ತಿರುವ ಕಂಪನಿಯ ಮಾಲೀಕರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಕಾರ್ಖಾನೆಯ ಸಮಸ್ತ ಯಂತ್ರಗಳಿಗೂ, ಆ ಯಂತ್ರಗಳಿಗೆ ಹೊತ್ತುಹೊತ್ತಿಗೆ ಎಣ್ಣೆ ಬಿಡುವ ಪುಣ್ಯಾತ್ಮರಿಗೂ, ವೆಸ್ಟ್ ವರ್ಜಿನಿಯಾದ ಸಾರ್‌ವುಡ್ ರನ್ ಕಣಿವೆಯಿಂದ ದಿವಂಗತ ಓಕಿ ಸ್ಟಾಲ್ನೇಕರ್ ಅವರ ಹೆಂಡತಿ ಅರ್ವೆಲಾ ಮಾಡುವ ವಂದನೆಗಳು. ತಾವೆಲ್ಲ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ವ್ಯಾಪಾರದ ಕ್ಷೇಮವನ್ನು ವಿಚಾರಿಸುವ ಅಗತ್ಯ ನನಗಿಲ್ಲ. ನನ್ನ ಅಂಗಳಕ್ಕೆ ಬಂದು ನಿಲ್ಲುವ ಪ್ರತಿಯೊಂದು ಟ್ರಕ್ಕಿನ ಸೀಟಿನ ಮೇಲೂ ಅದು ಮಲಗಿರುವುದನ್ನು ಕಣ್ಣಾರೆ ಕಾಣುತ್ತಿದ್ದೇನೆ.

ಈ ಪತ್ರ ನಮ್ಮ ಕೌಂಟಿಯ ವಾರಪತ್ರಿಕೆಯಲ್ಲಿ ಅಚ್ಚಾಗುವುದರಿಂದ ತಮ್ಮ ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಇದು ತಮ್ಮ ಮರ್ಯಾದೆ ಕಾಪಾಡಲು ಎಂದು ತಾವು ಭಾವಿಸಿದರೆ ನನ್ನ ಅಭ್ಯಂತರವಿಲ್ಲ. ನಿಜವಾದ ಕಾರಣವೆಂದರೆ, ಹೆಸರು ಬರೆದರೆ ಪುಕ್ಕಟೆ ಜಾಹೀರಾತು ಕೊಟ್ಟಂತಾಗುತ್ತದೆ, ಮತ್ತು ಇದೇ ಪತ್ರಿಕೆಯಲ್ಲಿ ನನ್ನ ನಾಯಿ ಕಳೆದುಹೋಗಿದೆ ಎಂದು ನಾಲ್ಕು ಸಾಲು ಹಾಕಿಸುವುದಕ್ಕೂ ನಾನು ದುಡ್ಡು ತೆತ್ತಿದ್ದೇನೆ.

ನಾನು ಹೈಸ್ಕೂಲು ಮುಗಿಸಿದವಳು. ದೂರಿನ ಪತ್ರ ಬರೆಯುವ ಕ್ರಮವನ್ನು ಅಲ್ಲಿ ನಮಗೆ ಕಲಿಸಿದ್ದರು. ಮೊದಲು ವಸ್ತು ಯಾವುದೆಂದು ಹೇಳಬೇಕು, ಆಮೇಲೆ ಅದರ ದೋಷವನ್ನು ಹೇಳಬೇಕು, ಕೊನೆಗೆ ಪರಿಹಾರ ಕೇಳಬೇಕು. ಆ ಕ್ರಮವನ್ನೇ ಪಾಲಿಸುತ್ತೇನೆ. ವಸ್ತು: ನೂರು ವರ್ಷಕ್ಕೂ ಹಳೆಯದಾದ, ಈ ದೇಶದ ಅಜ್ಜಂದಿರೆಲ್ಲ ಆಣೆ ಇಟ್ಟು ಹೊಗಳುವ ಪಿಸ್ತೂಲೊಂದನ್ನು ಎದುರಿಗಿಟ್ಟುಕೊಂಡು, ತಿರುಪಿಗೆ ತಿರುಪು, ಸ್ಪ್ರಿಂಗಿಗೆ ಸ್ಪ್ರಿಂಗು ಹೊಂದಿಸಿ ತಾವು ಕಳಿಸುತ್ತಿರುವ ಅಗ್ಗದ ನಕಲು. ದೋಷ: ಏನೂ ಇಲ್ಲ. ಮಾನ್ಯರೇ, ಅದೇ ನನ್ನ ದೂರು.

ನಕಲಿನ ವಿಷಯಕ್ಕೆ ಬರುವ ಮೊದಲು ಅಸಲಿನ ವಿಷಯ ಹೇಳಬೇಕು. ನನ್ನ ಅಡುಗೆಮನೆಯ ಬೀರುವಿನ ಮೇಲಿನ ಅರೆಯಲ್ಲಿ, ಓಕಿಯ ಹಳೆಯ ಫ್ಲಾನೆಲ್ ಅಂಗಿಯಲ್ಲಿ ಸುತ್ತಿ ಬೀಗ ಹಾಕಿಟ್ಟಿರುವ ಪಿಸ್ತೂಲು ಇದೇ ಮಾದರಿಯದು, ಆದರೆ ಮೂಲ ಕಂಪನಿಯದು. ಕಲ್ಲಿದ್ದಲು ಗಣಿಯ ಮುಷ್ಕರ ಮುಗಿದು ಕೈಗೆ ಬಂದ ಮೊದಲ ಒಳ್ಳೆಯ ಸಂಬಳದಲ್ಲಿ ನನ್ನ ಮಾವ ಅದನ್ನು ಹೊಸದಾಗಿಯೇ ಕೊಂಡು ತಂದರಂತೆ, ಮತ್ತು ನನ್ನ ಅತ್ತೆ ಈಸ್ಟರ್ ಹಬ್ಬ ಬರುವ ತನಕ ಅವರ ಜೊತೆ ಮಾತು ಬಿಟ್ಟಿದ್ದರಂತೆ. ಆ ಉಕ್ಕಿನ ನೀಲಿಯನ್ನು ತಾವು ನೋಡಬೇಕು. ಗುಡುಗು ಬರುವ ಮುಂಚಿನ ಆಕಾಶವನ್ನು ಮಡಚಿ ಬಟ್ಟೆಯಲ್ಲಿ ಸುತ್ತಿಟ್ಟಂತಿದೆ. ಮಾವನಿಂದ ಅದು ನನ್ನ ಗಂಡ ಓಕಿಗೆ ಬಂತು. ಓಕಿಯಿಂದ ಮುಂದೆ ಯಾರಿಗೆ ಹೋಗಬೇಕು ಎಂಬ ಪ್ರಶ್ನೆ ನನ್ನ ಮನೆಯಲ್ಲಿ ಬಹಳ ವರ್ಷ ಒಲೆಯ ಮೇಲಿನ ಕೆಟಲಿನಂತೆ ಸಣ್ಣಗೆ ಕುದಿಯುತ್ತಿತ್ತು, ಮತ್ತು ಆ ಒಲೆಯ ಉರಿ ಆರದಂತೆ ನಾನು ನೋಡಿಕೊಂಡಿದ್ದೆ.

ಈ ಮಾದರಿಯನ್ನು ಬಿಚ್ಚಿ ಜೋಡಿಸಿದವರಿಗೆಲ್ಲ ಗೊತ್ತಿರುವ ಒಂದು ಅವಮಾನವಿದೆ. ಜೋಡಿಸುವಾಗ ಕೊನೆಯಲ್ಲಿ ಎಡಪಕ್ಕದ ಚಿಕ್ಕ ಲಿವರೊಂದನ್ನು ಅದರ ತೂತಿಗೆ ತೂರಿಸಿ, ಅಡ್ಡ ಬರುವ ಸ್ಪ್ರಿಂಗಿನ ಮೊಳೆಯನ್ನು ಹಿಂದಕ್ಕೊತ್ತಿ, ನೇರವಾಗಿ ಒಳಗೆ ತಳ್ಳಬೇಕು. ಅವಸರದವನು ಅಥವಾ ಕೈ ನಡುಗುವವನು ಆ ಲಿವರನ್ನು ಪಿಸ್ತೂಲಿನ ಮೈಗೆ ಉಜ್ಜಿಕೊಂಡೇ ಮೇಲಕ್ಕೆ ತಿರುಗಿಸುತ್ತಾನೆ. ಆಗ ಉಕ್ಕಿನ ಮೇಲೆ ಎಳೆಯ ಚಂದ್ರನ ಆಕಾರದಲ್ಲಿ ಒಂದು ಗೀರು ಬೀಳುತ್ತದೆ. ಬಿದ್ದದ್ದು ಹೋಗುವುದಿಲ್ಲ. ಇಡೀ ದೇಶದಲ್ಲಿ ಅದಕ್ಕೆ ಒಂದೇ ಹೆಸರು: ದಡ್ಡನ ಗೀರು. ಒಬ್ಬ ಮನುಷ್ಯ ಚರ್ಚಿನಲ್ಲಿ ಎಷ್ಟೇ ಗಟ್ಟಿಯಾಗಿ ಹಾಡಲಿ, ಅವನ ಪಿಸ್ತೂಲಿನ ಎಡಮೈ ನೋಡಿದರೆ ಅವನ ಬಗ್ಗೆ ತಿಳಿಯಬೇಕಾದ್ದು ತಿಳಿದುಹೋಗುತ್ತದೆ.

ನಮ್ಮ ಮನೆಯ ಪಿಸ್ತೂಲಿಗೆ ಮಾವನ ಕಾಲದಿಂದ ಇಂದಿನವರೆಗೆ ಆ ಗೀರು ಬಿದ್ದಿಲ್ಲ. ಅದಕ್ಕಾಗಿ ಓಕಿ ಒಂದು ನಿಯಮ ಮಾಡಿ ಹೋದರು. ಗಂಡು ಜಿಂಕೆಯ ಬೇಟೆ ಶುರುವಾಗುವ ಹಿಂದಿನ ಭಾನುವಾರ, ಚರ್ಚು ಮುಗಿದು ಊಟ ಆದಮೇಲೆ, ಮೇಜು ಒರೆಸಿ ಬಿಳಿ ಟವೆಲು ಹಾಸಿ, ಒಳಗೆ ಗುಂಡಿಲ್ಲವೆಂದು ಒಬ್ಬರಾದ ಮೇಲೊಬ್ಬರು ನೋಡಿ ಖಾತ್ರಿ ಮಾಡಿಕೊಂಡು, ಮನೆಯವರಲ್ಲಿ ಧೈರ್ಯವಿದ್ದವರು ಎಲ್ಲರೆದುರು ಅದನ್ನು ಬಿಚ್ಚಿ ಮತ್ತೆ ಜೋಡಿಸಬೇಕು. ಗೀರು ಬೀಳದಿದ್ದರೆ ಪಿಸ್ತೂಲು ಅವರದು. ಬಿದ್ದರೆ, ಅದನ್ನು ಕೆಡಿಸಿದವರೆಂಬ ಹೆಸರು ಸಾಯುವ ತನಕ ಅವರದು. ಅಭ್ಯಾಸ ಮಾಡೋಣವೆಂದರೆ ಇದ್ದದ್ದು ಅದೊಂದೇ, ಅದರ ಬೀಗದ ಕೈ ನನ್ನ ಸೊಂಟದಲ್ಲಿ. ಅಂಥ ಇನ್ನೊಂದು ಅಸಲನ್ನು ಕೊಳ್ಳಬೇಕೆಂದರೆ ಓಡುವ ಸ್ಥಿತಿಯ ಹಳೆಯ ಟ್ರಕ್ಕೊಂದರ ಬೆಲೆಯಾಗುತ್ತದೆ.

ಹೀಗಾಗಿ ಪ್ರತಿ ನವೆಂಬರಿನಲ್ಲೂ ಒಂದೇ ನಾಟಕ. ನನ್ನ ಮಗ ಡಾರ್ಸಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು, ಗಡಿಯಾರ ಬಿಚ್ಚಿಟ್ಟು, ಟವೆಲಿನ ಮುಂದೆ ಕುಳಿತು, ಪಿಸ್ತೂಲನ್ನು ನೋಡಿ, ನನ್ನನ್ನು ನೋಡಿ, ಏಳುತ್ತಿದ್ದ. "ಮುಂದಿನ ವರ್ಷ ನೋಡೋಣಮ್ಮ, ಈ ಸಲ ಬೆರಳು ಯಾಕೋ ಊದಿದೆ." ನನ್ನ ಅಳಿಯ ರ‍್ಯಾಂಡಲ್ ಎದ್ದು ಬರುವ ಮುಂಚೆಯೇ, "ಅತ್ತೆ, ಕನ್ನಡಕ ಮನೇಲೇ ಬಿಟ್ಟುಬಂದೆ," ಎನ್ನುತ್ತಿದ್ದ. ಅವನು ಕನ್ನಡಕ ಹಾಕುವುದನ್ನು ನಾನಂತೂ ನೋಡಿಲ್ಲ.

ಆದರೆ ಆಸೆ ಬಿಟ್ಟಿರಲಿಲ್ಲ, ಮಾನ್ಯರೇ, ಅದೇ ಮುಖ್ಯ. ಆ ಆಸೆಯಿಂದ ಡಾರ್ಸಿ ನನ್ನ ಛಾವಣಿಯ ತೂಬಿನಲ್ಲಿ ಎಲೆ ನಿಲ್ಲಲು ಬಿಡುತ್ತಿರಲಿಲ್ಲ. ರ‍್ಯಾಂಡಲ್ ಕೇಳದೆಯೇ ಚಳಿಗಾಲದ ಸೌದೆ ಒಡೆದು ಒಪ್ಪವಾಗಿ ಜೋಡಿಸಿ ಹೋಗುತ್ತಿದ್ದ, ಮತ್ತು ನಾನು ಹಂದಿಮಾಂಸದ ಎಲುಬು ಹಾಕಿ ಬೇಯಿಸುವ ಟರ್ನಿಪ್ ಸೊಪ್ಪನ್ನು ಎರಡನೆಯ ಸಲ ಹಾಕಿಸಿಕೊಂಡು ತಿನ್ನುತ್ತಿದ್ದ. ಒಂದು ಗುಂಡನ್ನೂ ಹಾರಿಸದೆ ಒಂದು ಪಿಸ್ತೂಲಿನಿಂದ ಇಷ್ಟು ಕೆಲಸ ಮಾಡಿಸಿದವರು ಈ ರಾಜ್ಯದಲ್ಲಿ ಇನ್ನೊಬ್ಬರಿರಲಾರರು.

ನನಗೆ ಬೇಕಾಗಿದ್ದದ್ದು ಸೌದೆಯಲ್ಲ. ಭಾನುವಾರ ನನ್ನ ಮೇಜಿನ ಸುತ್ತಲಿನ ಕುರ್ಚಿಗಳು ತುಂಬಿರಬೇಕು, ಅಷ್ಟೇ. ಇದನ್ನು ಮಕ್ಕಳ ಎದುರು ಬಾಯಿಬಿಟ್ಟು ಹೇಳುವವಳು ನಾನಲ್ಲ. ಬನ್ನಿ ಎಂದು ಕರೆಸಿಕೊಳ್ಳುವುದು ಬೇರೆ, ಅವರಾಗಿಯೇ ಬರುವುದು ಬೇರೆ. ಬೀರುವಿನ ಪಿಸ್ತೂಲು ಇವೆರಡರ ನಡುವಿನ ಒಂದು ಮರ್ಯಾದಸ್ಥ ಏರ್ಪಾಡಾಗಿತ್ತು. ಆ ಏರ್ಪಾಡಿನ ಮೇಲೆ ತಾವು ಸಮುದ್ರದಾಚೆಯಿಂದ ಕಲ್ಲು ಎಸೆದಿರಿ, ಮತ್ತು ಇಲ್ಲಿಗೆ ಕಳಿಸುವ ಖರ್ಚನ್ನೂ ತಾವೇ ಹಾಕಿಕೊಂಡಿರಿ.

ಕಳೆದ ವಸಂತದಲ್ಲಿ ಡಾರ್ಸಿ ನನ್ನ ಜಗಲಿಗೆ ಬಂದ. ಪೇಟೆಯಲ್ಲಿ ಮರ ಕೊಯ್ಯುವ ಗರಗಸ ಹರಿತ ಮಾಡುವ, ಮೀನಿಗೆ ಹುಳು ಮಾರುವ ಅಂಗಡಿಯೊಂದಿದೆ. ಅಲ್ಲಿಂದ ಒಂದು ರಟ್ಟಿನ ಡಬ್ಬಿ ತಂದಿದ್ದ.

"ಅಮ್ಮಾ, ನೋಡಿಲ್ಲಿ! ಅಪ್ಪನ ಪಿಸ್ತೂಲೇ!"

"ಅಪ್ಪನ ಪಿಸ್ತೂಲು ಬೀರು ಒಳಗಿದೆ," ಎಂದೆ.

"ಅದರ ತಮ್ಮ ಅಂತಿಟ್ಕೊ. ಟ್ರಕ್ಕಿಗೆ ಎರಡು ಒಳ್ಳೆ ಟೈರು ಹಾಕ್ಸಿದ್ರೆ ಎಷ್ಟಾಗುತ್ತೋ ಅಷ್ಟೇ ಕಣಮ್ಮ ಬೆಲೆ!"

"ಟೈರೇ ಹಾಕಿಸ್ಬೇಕಿತ್ತು. ಟೈರಾದ್ರೆ ನಿನ್ನ ಮನೆಗಾದ್ರೂ ಮುಟ್ಟಿಸ್ತಿತ್ತು."

ಅದನ್ನು ನಾನು ಕೂಲಂಕಷವಾಗಿ ನೋಡಿದೆ. ಮೈಗೆ ಒಲೆಗೆ ಬಳಿಯುವ ಬಣ್ಣದಂಥ ಮಂಕು ಬೂದು. ಹಿಡಿಯ ಮರವನ್ನು ಎಲ್ಲೋ ಸೇಬಿನ ಪೆಟ್ಟಿಗೆ ಒಡೆದಾಗ ಉಳಿಸಿಕೊಂಡಂತಿತ್ತು. ಅಲುಗಾಡಿಸಿದರೆ ಒಳಗೇನೋ ಅಲುಗಿದ ಸದ್ದು ಬಂತು, ನನಗೆ ಸಮಾಧಾನವಾಯಿತು. ಒಂದು ತಿಂಗಳು, ಹೆಚ್ಚೆಂದರೆ ಬೇಸಿಗೆ ಮುಗಿಯುವ ತನಕ ಬರಬಹುದೆಂದು ಲೆಕ್ಕ ಹಾಕಿದೆ. ಡಾರ್ಸಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಕೈಯನ್ನೂ ತೊಳೆಯದೆ, ಅದನ್ನು ಬಿಚ್ಚಿ ಹರಡಿ ಮತ್ತೆ ಜೋಡಿಸಿದ. ಕಿರ್ರ್ ಎಂದು ಸದ್ದಾಯಿತು. ನನ್ನ ಹಲ್ಲು ಜುಮ್ಮೆಂದಿತು. ಅವನೋ, ಬೆಕ್ಕಿನ ಮರಿ ಸಿಕ್ಕ ಹುಡುಗನಂತೆ ಅದನ್ನು ನನ್ನ ಮುಖದ ಹತ್ತಿರ ತಂದು ಹಿಡಿದ.

"ಬಿತ್ತು ನೋಡಮ್ಮ, ದಡ್ಡನ ಗೀರು! ಅಬ್ಬ, ಮನಸ್ಸು ಎಷ್ಟು ಹಗುರಾಯ್ತು ಗೊತ್ತಾ!"

ಮಾನ್ಯರೇ, ತಾವು ಮಾರುತ್ತಿರುವುದು ಏನೆಂದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಪಿಸ್ತೂಲಲ್ಲ. ಪಿಸ್ತೂಲು ಯಾರು ಬೇಕಾದರೂ ಮಾರುತ್ತಾರೆ. ಹೆದರಿಕೆಯಿಲ್ಲದೆ ಮುಟ್ಟಬಹುದಾದ ಒಂದು ಅಸಲನ್ನು ತಾವು ಮಾರುತ್ತಿದ್ದೀರಿ. ಕೆಸರಿಗೆ ಬಿದ್ದರೆ ಪ್ಯಾಂಟಿಗೆ ಒರೆಸಿಕೊಳ್ಳಬಹುದು, ಟ್ರಕ್ಕಿನಲ್ಲಿ ಸ್ಪ್ಯಾನರುಗಳ ಜೊತೆ ಎಸೆದಿಡಬಹುದು, ಗೀರಿದರೆ ನಗಬಹುದು. ಒಳಗಿರುವ ವಿನ್ಯಾಸ ಮಾತ್ರ ನನ್ನ ಬೀರುವಿನಲ್ಲಿರುವ ಆ ಮುದುಕನದೇ, ಹಿಡಿದರೆ ಕೈಗೆ ಅದರ ಹಾಗೆಯೇ ಕೂರುತ್ತದೆ, ಮತ್ತು ನಾನು ಬಹಳ ಆಸೆಯಿಂದ ಕಾಯುತ್ತಿದ್ದ ಹಾಗೆ ಎರಡು ತುಂಡಾಗಿ ಬೀಳುವುದಿಲ್ಲ.

ಬೇಸಿಗೆ ಹೊತ್ತಿಗೆ ರ‍್ಯಾಂಡಲ್ ಒಂದು ತಂದ. ಪೆಪರೋನಿ ರೋಲ್ ಮಾಡುವ ಬೇಕರಿಯಲ್ಲಿ ಕೆಲಸಕ್ಕಿರುವ ಡಾರ್ಸಿಯ ಮಗಳು ಟೆಸ್ಸಾ ಒಂದು ತಂದಳು. ಅಷ್ಟಕ್ಕೇ ನಿಂತಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಆದರೆ ಜುಲೈ ತಿಂಗಳ ಒಂದು ಭಾನುವಾರ, ರ‍್ಯಾಂಡಲ್‌ನ ತಟ್ಟೆಗೆ ನಾನು ಎಂದಿನಂತೆ ಎರಡನೆಯ ಸಲ ಸೊಪ್ಪು ಬಡಿಸಲು ಹೋದಾಗ ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

"ಅತ್ತೆ, ಕ್ಷಮಿಸ್ಬೇಕು. ಈ ಸೊಪ್ಪು ನಂಗೆ ಸೇರಲ್ಲ."

"ಇವತ್ತಾ?"

"ಯಾವತ್ತೂ ಸೇರಿಲ್ಲ ಅತ್ತೆ."

ನನ್ನ ಮಗಳು ಚಮಚ ಕೆಳಗಿಟ್ಟಳು. ಮದುವೆಯಾದ ದಿನದಿಂದ ತಿಂದ ಸೊಪ್ಪೆಲ್ಲ ಆ ಒಂದು ವಾಕ್ಯದಲ್ಲಿ ವಾಪಸು ಬಂದು ನನ್ನ ಮೇಜಿನ ಮೇಲೆ ಬಿತ್ತು. ಅಳಿಯನೊಬ್ಬನಿಗೆ ಇಂಥ ಧೈರ್ಯ ಎಲ್ಲಿಂದ ಬರುತ್ತದೆ? ಎರಡು ಟೈರಿನ ಬೆಲೆಗೆ ಬರುತ್ತದೆ. ಟ್ರಕ್ಕಿನಲ್ಲಿ ತನ್ನದೇ ಆದ ಒಂದು ಮಲಗಿರುವಾಗ ಅತ್ತೆಯ ಬೀರುವಿನ ಕಡೆ ಯಾರು ನೋಡುತ್ತಾರೆ?

ಆಮೇಲೆ ಅವರು ಭಾನುವಾರ ಬರುವುದೇ ಕಡಿಮೆಯಾಯಿತು. ಮೇಲಿನ ಗುಡ್ಡದಲ್ಲಿ ಹಿಂದೆ ಕಲ್ಲಿದ್ದಲು ಅಗೆದು ಬಿಟ್ಟುಹೋದ ಬಯಲಿದೆ. ಅಲ್ಲಿಗೆ ಖಾಲಿ ಕಾಫಿ ಡಬ್ಬಿಗಳನ್ನು ಹೊತ್ತುಕೊಂಡು ಹೋಗಿ ಹೊಡೆಯುತ್ತ ಕೂರುತ್ತಿದ್ದರು. "ಅಮ್ಮಾ, ಕಾಯ್ಬೇಡ, ಇಲ್ಲೇ ಸ್ಯಾಂಡ್‌ವಿಚ್ ತಿಂದ್ವಿ" ಎಂದು ಫೋನು ಬರುತ್ತಿತ್ತು. ಪತ್ರಿಕೆಯಲ್ಲಿ ಹಾಕಿಸಿದ್ದ ಆ ನಾಯಿ ಸಿಕ್ಕಿದೆಯೆಂದು ಈ ಸಂದರ್ಭದಲ್ಲಿ ಓದುಗರಿಗೆ ತಿಳಿಸುತ್ತೇನೆ. ಈಗ ಅದು ಬಾಗಿಲಲ್ಲಿ ಅಡ್ಡಡ್ಡ ತೂರಬೇಕಾದಷ್ಟು ದಪ್ಪಗಾಗಿದೆ, ಏಕೆಂದರೆ ನನಗೆ ಚಿಕ್ಕ ಪಾತ್ರೆಯಲ್ಲಿ ಬೀನ್ಸು ಬೇಯಿಸಲು ಬರುವುದಿಲ್ಲ.

ತಮ್ಮ ಸರಕು ಅವಮಾನ ಪಡುವುದನ್ನು ಕಣ್ಣಾರೆ ನೋಡಿ ಬರೋಣವೆಂದು ಸೆಪ್ಟೆಂಬರಿನಲ್ಲಿ ನಾನೂ ಒಂದು ದಿನ ಜೋಳದ ರೊಟ್ಟಿ ಕಟ್ಟಿಕೊಂಡು ಆ ಬಯಲಿಗೆ ಹೋದೆ. ಮಡಚುವ ಕುರ್ಚಿಯಲ್ಲಿ ಕೂತು ಪ್ರಾರ್ಥಿಸಿದೆ. ದೇವರು ಒಂದು ಸಲ ಕೇಳಿಸಿಕೊಂಡ: ರ‍್ಯಾಂಡಲ್‌ನ ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಹಾಕಿಕೊಂಡಿತು.

"ನೋಡಿದ್ಯಾ? ಅಗ್ಗದ್ದು ಅಂದ್ರೆ ಇದೇ," ಎಂದೆ.

"ಪಿಸ್ತೂಲಿನ ತಪ್ಪಲ್ಲ ಅತ್ತೆ. ಈ ಗುಂಡಿಗೆ ಮದ್ದು ನಾನೇ ಮನೇಲಿ ತುಂಬಿದ್ದು."

"ಮಾಮಾ ತುಂಬಿದ ಗುಂಡು ಅಜ್ಜಿ, ಅದು ಬಾಗಿಲು ಹಾಕ್ಕೊಂಡು ಒಳಗೇ ಕೂತು ಯೋಚ್ನೆ ಮಾಡಿ ಆಮೇಲೆ ಹೊರಗೆ ಬರುತ್ತೆ," ಎಂದಳು ಟೆಸ್ಸಾ. ಎಲ್ಲರೂ ನಕ್ಕರು. ಆ ಪೋರಿ ಬಂದು ತನ್ನದನ್ನು ನನ್ನ ಕೈಗಿಟ್ಟಳು. ಬೇಡವೆನ್ನುವುದು ನನ್ನ ಘನತೆಗೆ ಸರಿಯಾಗಿ ಕಾಣಲಿಲ್ಲ; ಎದ್ದು ನಿಂತು ಹೊಡೆದೆ. ದೂರದ ಡಬ್ಬಿ ಹಾರಿ ಬಿತ್ತು.

"ಅಜ್ಜಿ! ಹೊಡೆದೇಬಿಟ್ಯಲ್ಲ!"

"ಗಾಳಿಗೆ ಬಿತ್ತು."

"ತೂತು ಬಿದ್ದಿದೆಯಲ್ಲಜ್ಜಿ?"

"ಹಳೇ ಡಬ್ಬಿ," ಎಂದು ನಾನು ಕುರ್ಚಿ ಮಡಚಿದೆ.

ಮಾನ್ಯರೇ, ಆ ದಿನ ದಾರಿಯುದ್ದಕ್ಕೂ ನನ್ನ ಅಂಗೈಯಲ್ಲಿ ಅದರ ಹಿಡಿಯ ನೆನಪು ಉಳಿದಿತ್ತು. ಇದನ್ನು ತಮ್ಮ ಮೇಲಿನ ಎರಡನೆಯ ಆರೋಪವೆಂದು ದಯವಿಟ್ಟು ದಾಖಲಿಸಿಕೊಳ್ಳಬೇಕು.

ನವೆಂಬರು ಬಂತು. ಬೇಟೆಯ ಹಿಂದಿನ ಭಾನುವಾರ ಎಲ್ಲರೂ ತಪ್ಪದೆ ಬಂದರು. ಅಷ್ಟರ ಮಟ್ಟಿಗೆ ಅವರನ್ನು ನಾನು ಸರಿಯಾಗಿಯೇ ಬೆಳೆಸಿದ್ದೇನೆ. ಊಟವಾಯಿತು. ಮೇಜು ಒರೆಸಿದೆ, ಟವೆಲು ಹಾಸಿದೆ, ಬೀರುವಿನ ಬೀಗ ತೆಗೆದು ಪಿಸ್ತೂಲನ್ನು ತಂದಿಟ್ಟೆ. ಒಬ್ಬರಾದ ಮೇಲೊಬ್ಬರು ನೋಡಿ ಗುಂಡಿಲ್ಲವೆಂದರು. ಆಮೇಲೆ ಡಾರ್ಸಿ ಕೈ ತೊಳೆಯಲು ಏಳುತ್ತಾನೆಂದು ಕಾದೆ. ಅವನು ಕಡುಬಿನ ಇನ್ನೊಂದು ತುಂಡು ಹಾಕಿಕೊಂಡ.

"ಏಳಲ್ವಾ?"

"ನಂಗ್ಯಾಕಮ್ಮ? ನಂದಿದೆಯಲ್ಲ."

ರ‍್ಯಾಂಡಲ್ ಈ ಸಲ ಕನ್ನಡಕದ ಹೆಸರನ್ನೂ ಎತ್ತಲಿಲ್ಲ. ಸುಳ್ಳು ಹೇಳುವಷ್ಟು ಆಸೆಯೂ ಅವನಲ್ಲಿ ಉಳಿದಿರಲಿಲ್ಲ. ನನ್ನ ಮಾವ ಹೆಂಡತಿಯ ಮಾತು ಕಳೆದುಕೊಂಡು ಕೊಂಡ ಪಿಸ್ತೂಲು, ನನ್ನ ಗಂಡ ಒಂದು ಗೀರೂ ಬೀಳದಂತೆ ಕಾಪಾಡಿದ ಪಿಸ್ತೂಲು, ಊಟದ ಮೇಲೆ ಯಾರೂ ಮುಟ್ಟದ ಉಪ್ಪಿನಕಾಯಿಯಂತೆ ಬಿಳಿ ಟವೆಲಿನ ಮೇಲೆ ಬಿದ್ದಿತ್ತು. ಗೀರಿನ ಅವಮಾನಕ್ಕೆ ಹೆದರಿ ಇಷ್ಟು ವರ್ಷ ಬದುಕಿದ ನನಗೆ, ಅದಕ್ಕಿಂತ ದೊಡ್ಡ ಅವಮಾನವಿದೆಯೆಂದು ಅವತ್ತು ತಿಳಿಯಿತು. ನಾನು ಆ ಫ್ಲಾನೆಲ್ ಅಂಗಿಯ ತೋಳುಗಳನ್ನು ಅದರ ಮೇಲೆ ಮಡಚತೊಡಗಿದೆ.

"ತಾಳಜ್ಜಿ," ಎಂದಳು ಟೆಸ್ಸಾ. "ನಾನು ಮಾಡ್ತೀನಿ."

"ಬೇಡ ಕಣೇ ಹುಡುಗಿ," ಎಂದ ರ‍್ಯಾಂಡಲ್. "ನಿಂದರ ಮೇಲಿರೋ ಗೀರು ನೋಡಿದ್ದೀನಿ ನಾನು. ಬೆಕ್ಕು ಪರಚಿದ ಹಾಗಿದೆ."

"ಅದಕ್ಕೇ ಮಾಮಾ. ನನ್ನ ಹತ್ರ ಇದ್ದ ಗೀರೆಲ್ಲ ಅದರ ಮೇಲೇ ಹಾಕಿ ಮುಗಿಸಿದ್ದೀನಿ. ಇದಕ್ಕೆ ಒಂದೂ ಉಳಿದಿಲ್ಲ."

ಅವಳು ಕೈ ತೊಳೆದುಕೊಂಡು ಕುಳಿತಳು. ಬೇಕರಿಯಲ್ಲಿ ಹಿಟ್ಟು ಮಡಚುವ ಕೈ ಅದು. ಅವಸರವಿಲ್ಲ, ನಿಲ್ಲುವುದೂ ಇಲ್ಲ. ಭಾಗಗಳು ಒಂದರ ಪಕ್ಕ ಒಂದು ಟವೆಲಿನ ಮೇಲೆ ಸಾಲಾಗಿ ಮಲಗಿದವು, ಮತ್ತೆ ಒಂದೊಂದಾಗಿ ಎದ್ದು ಒಳಗೆ ಹೋದವು. ಡಾರ್ಸಿಯ ಫೋರ್ಕು ಅರ್ಧದಲ್ಲೇ ನಿಂತಿತು. ಕೊನೆಗೆ ಆ ಲಿವರು. ಹೆಬ್ಬೆರಳಿನ ಉಗುರಿನಿಂದ ಮೊಳೆಯನ್ನು ಹಿಂದಕ್ಕೊತ್ತಿ, ಉಸಿರನ್ನು ಮೂಗಿನಲ್ಲೇ ಹಿಡಿದು, ನೇರವಾಗಿ ತಳ್ಳಿದಳು. ಟಕ್.

ನಾನು ಕನ್ನಡಕ ಹಾಕಿಕೊಂಡು ಅದನ್ನು ಕಿಟಕಿಯ ಬಳಿ ಒಯ್ದೆ. ಬೆಳಕಿಗೆ ಹಿಡಿದೆ, ಓರೆ ಮಾಡಿ ಹಿಡಿದೆ, ಬಾಯಿಂದ ಆವಿ ಊದಿ ಒರೆಸಿ ಹಿಡಿದೆ. ಕೂದಲೆಳೆಯಷ್ಟು ಸಿಕ್ಕಿದ್ದರೂ ಹುಡುಗಿಯನ್ನು ಬೈದು ಪಿಸ್ತೂಲನ್ನು ಉಳಿಸಿಕೊಳ್ಳುತ್ತಿದ್ದೆ. ಸಿಗಲಿಲ್ಲ. ಗುಡುಗಿನ ಮುಂಚಿನ ಆ ಆಕಾಶ ಹಾಗೆಯೇ ಇತ್ತು. ನನಗೆ ಹೆಮ್ಮೆಯಾಯಿತು, ಅದೂ ತಮ್ಮಿಂದಲೇ ಆದದ್ದರಿಂದ ಅದನ್ನು ಮೂರನೆಯ ಆರೋಪವಾಗಿ ಸೇರಿಸುತ್ತೇನೆ.

"ತಗೋ. ನಿಂದು," ಎಂದೆ. ಸ್ಟಾಲ್ನೇಕರ್ ಮನೆಯಲ್ಲಿ ಕೊಟ್ಟ ಮಾತಿಗೆ ಎರಡು ಅರ್ಥವಿಲ್ಲ.

ಟೆಸ್ಸಾ ಅದನ್ನು ಕೈಯಲ್ಲಿ ತೂಗಿ ನೋಡಿದಳು, ತಾತನ ಅಂಗಿಯಲ್ಲಿ ಸುತ್ತಿದಳು, ಎದ್ದು ಹೋಗಿ ಬೀರುವಿನ ಅದೇ ಅರೆಯ ಮೇಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟಳು.

"ನಿಂದಾದ್ಮೇಲೆ ಇಲ್ಲ್ಯಾಕಿಡ್ತೀಯಾ?"

"ನಂದೇ ಅಜ್ಜಿ. ಅದಕ್ಕೇ ಇನ್ಮೇಲೆ ನಿಯಮಾನೂ ನಂದೇ. ಇದು ಇಲ್ಲೇ ಇರುತ್ತೆ. ನೋಡ್ಬೇಕು ಅನ್ನೋರು ಭಾನುವಾರ ಊಟಕ್ಕೆ ಬರ್ಬೇಕು." ಆಮೇಲೆ ತನ್ನಪ್ಪನ ಕಡೆ ತಿರುಗಿದಳು. "ಅಪ್ಪಾ, ಬರೋವಾಗ ನಿಂದನ್ನೂ ತಗೊಂಡ್ಬಾ. ಗೀರಿಲ್ಲದೆ ಜೋಡ್ಸೋದು ಕಲಿಸ್ಕೊಡ್ತೀನಿ. ಕಲಿತಾದ್ಮೇಲೆ ಮುಂದಿನ ವರ್ಷ ನನ್ನ ಕೈಯಿಂದ ಗೆದ್ಕೊ, ನೋಡೋಣ."

"ನಿನ್ನಿಂದ ನಾನು ಕಲೀಬೇಕೇನೇ?" ಎಂದ ಡಾರ್ಸಿ. ಆದರೆ ಅವನ ಕಣ್ಣು ಬೀರುವಿನ ಕಡೆ ಹೋಗಿತ್ತು. ರ‍್ಯಾಂಡಲ್‌ನದೂ ಹೋಗಿತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅದರ ಮೇಲೆ ನಾನು ಇಷ್ಟು ವರ್ಷ ಸಂಸಾರ ನಡೆಸಿದ್ದೇನೆ.

ಅಂದಿನಿಂದ ನನ್ನ ಭಾನುವಾರಗಳ ಸ್ಥಿತಿಯನ್ನು ತಾವು ಬಂದು ನೋಡಬೇಕು. ಒಂದು ಕುರ್ಚಿಯೂ ಖಾಲಿಯಿಲ್ಲ. ಟೆಸ್ಸಾಳ ಬೇಕರಿಯ ಇಬ್ಬರು ಹುಡುಗಿಯರೂ ಬರುವುದರಿಂದ ಜಗಲಿಯ ಬೆಂಚನ್ನು ಒಳಗೆ ತರಬೇಕಾಗಿದೆ. ತಟ್ಟೆ ಎತ್ತುವುದೇ ತಡ, ಮೇಜಿನ ತುಂಬ ತಮ್ಮ ಸರಕು. ಅತ್ತ ಡಾರ್ಸಿ ಕಿರ್ರ್ ಎನ್ನಿಸಿದರೆ ಇತ್ತ ರ‍್ಯಾಂಡಲ್ ಕಿರ್ರ್ ಎನ್ನಿಸುತ್ತಾನೆ, ನಡುವೆ ನನ್ನ ಮೊಮ್ಮಗಳು ಪಾದ್ರಿಯಂತೆ ಓಡಾಡುತ್ತ ಗದರುತ್ತಾಳೆ. ನನ್ನ ಗ್ರೇವಿಗೆ ಪಿಸ್ತೂಲಿನ ಎಣ್ಣೆಯ ವಾಸನೆ ಹತ್ತಿದೆ. ಬಿಳಿ ಟವೆಲು ಇನ್ನು ಬಿಳಿಯಾಗುವುದಿಲ್ಲ. ಒಂದು ಸ್ಪ್ರಿಂಗು ಹಾರಿ ಹಿಸುಕಿದ ಆಲೂಗಡ್ಡೆಯಲ್ಲಿ ಹೂತುಹೋದದ್ದನ್ನು ಹುಡುಕಲು ಇಡೀ ಪಾತ್ರೆಯನ್ನು ಬಗ್ಗಿಸಬೇಕಾಯಿತು. ರ‍್ಯಾಂಡಲ್‌ಗಾಗಿ ನಾನು ಪ್ರತ್ಯೇಕ ಪಲ್ಯ ಮಾಡುತ್ತೇನೆ, ಅವನು ಅದನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತಾನೆ, ಮತ್ತು ಈಗ ಅದು ಸುಳ್ಳೋ ನಿಜವೋ ಎಂದು ನಾನು ಸಂಶಯಪಡಬೇಕಾಗಿಲ್ಲ. ಇಷ್ಟೂ ಅನಾಹುತಕ್ಕೆ ಹೊಣೆ ತಾವೇ.

ಆದ್ದರಿಂದ ಪರಿಹಾರವಾಗಿ ತಮ್ಮಲ್ಲಿ ಸವಿನಯವಾಗಿ ಕೇಳಿಕೊಳ್ಳುವುದೇನೆಂದರೆ: ತಾವು ಕೂಡಲೇ ತಮ್ಮ ಪಿಸ್ತೂಲನ್ನು ಕಳಪೆಯಾಗಿ ತಯಾರಿಸಬೇಕು. ಪ್ರತಿಯೊಂದರಲ್ಲೂ ಒಂದು ತಿರುಪನ್ನು ಸಡಿಲ ಬಿಡಬೇಕು, ಮತ್ತು ಆ ತಿರುಪು ಭಾನುವಾರ ಊಟದ ಹೊತ್ತಿಗೆ ಮಾತ್ರ ಉದುರುವಂತೆ ವ್ಯವಸ್ಥೆ ಮಾಡಬೇಕು, ಸರಿಮಾಡಲು ಅವರು ನನ್ನ ಮೇಜಿಗೇ ಬರಬೇಕಲ್ಲ. ಬೆಲೆಯನ್ನು ಟ್ರಕ್ಕಿನಷ್ಟು ಏರಿಸುವುದು ಬೇಡ, ಆದರೆ ಡಬ್ಬಿಯ ಒಳಗೆ "ಖರೀದಿದಾರರು ತಮ್ಮ ಅತ್ತೆಯ ಅಡುಗೆಯ ಬಗ್ಗೆ ಅಭಿಪ್ರಾಯ ಹೇಳುವ ಮೊದಲು ಯೋಚಿಸುವುದು" ಎಂದು ಒಂದು ಚೀಟಿ ಇಡಬೇಕು. ಹಿಡಿಯ ಮರವನ್ನು ಮಾತ್ರ ದಯವಿಟ್ಟು ಈಗಿರುವಂತೆಯೇ ಇರಗೊಡಿ. ಅದನ್ನು ನೋಡಿದಾಗಲಾದರೂ ನನಗೆ ಸಂತೋಷವಾಗುತ್ತದೆ.

ತಮ್ಮ ಕಾರ್ಖಾನೆಗೆ ದೀರ್ಘಾಯುಸ್ಸನ್ನೂ, ತಮ್ಮ ಮನಸ್ಸಿಗೆ ಸ್ವಲ್ಪ ನಾಚಿಕೆಯನ್ನೂ ಹಾರೈಸುವ,

ತಮ್ಮ ವಿಶ್ವಾಸಿ,
ಅರ್ವೆಲಾ ಸ್ಟಾಲ್ನೇಕರ್
ಸಾರ್‌ವುಡ್ ರನ್, ವೆಸ್ಟ್ ವರ್ಜಿನಿಯಾ

ತಾ.ಕ.: ಇಷ್ಟು ಭಾಗವನ್ನು ಅಚ್ಚು ಹಾಕಕೂಡದೆಂದು ಸಂಪಾದಕರಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ, ಏಕೆಂದರೆ ಇದು ನನ್ನ ಮತ್ತು ತಮ್ಮ ನಡುವಿನ ವಿಷಯ, ನನ್ನ ಮೊಮ್ಮಗಳು ಓದಬಾರದು. ಎದುರಾಳಿಯ ಬಲಾಬಲ ತಿಳಿಯಲೆಂದು ಹುಳು ಮಾರುವ ಆ ಅಂಗಡಿಯಿಂದ ನಾನೂ ತಮ್ಮದೊಂದನ್ನು ತರಿಸಿಕೊಂಡಿದ್ದೇನೆ. ಓಕಿಯ ನಿಯಮ ಮನೆಯವರಿಗೆಲ್ಲ ಅನ್ವಯಿಸುತ್ತದೆ, ನಾನೂ ಮನೆಯವಳೇ, ಮತ್ತು ಮುಂದಿನ ನವೆಂಬರು ದೂರವಿಲ್ಲ. ಅದರ ಎಡಮೈ ಮೇಲೆ ಎಳೆಯ ಚಂದ್ರನ ಆಕಾರದ ಒಂದು ಗೀರಿದೆ. ಅದು ಡಬ್ಬಿ ತೆರೆದಾಗಲೇ ಇತ್ತು. ಅದರ ಪಕ್ಕದ್ದೂ ಡಬ್ಬಿ ತೆರೆದಾಗಲೇ ಇತ್ತು. ಅವುಗಳ ಕೆಳಗಿನದು ನಿನ್ನೆ ಬಂದದ್ದು, ಅದೂ ತಮ್ಮ ಕಾರ್ಖಾನೆಯದೇ ತಪ್ಪು. ಆದರೆ ಬದಲಿ ಕಳಿಸಲು ತಾವು ಆತುರಪಡಬೇಕಾಗಿಲ್ಲ. ಇದರ ಮೇಲೆ ಇನ್ನೂ ಸ್ವಲ್ಪ ಜಾಗ ಉಳಿದಿದೆ.